ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್: ಯಾವ ಊರಿಗೆ ಮನಸ್ಸು ಕೊಡುವುದು?

ಮಧ್ಯ ಯುರೋಪಿನಲ್ಲಿ ಚೆಕ್ ಗಣರಾಜ್ಯದ ಪ್ರಾಗ್, ಆಸ್ಟ್ರಿಯಾದ ವಿಯೆನ್ನಾ ಮತ್ತು ಹಂಗೇರಿಯ ಬುಡಾಪೆಸ್ಟ್ ನಗರಗಳು ಒಂದೇ ರೈಲುಮಾರ್ಗದಲ್ಲಿ ಸಾಲಾಗಿ ಬರುತ್ತವೆ. ಪ್ರಾಗ್‌ನಿಂದ ವಿಯೆನ್ನಾಕ್ಕೆ ಸುಮಾರು ನಾಲ್ಕು ಗಂಟೆಯ ದಾರಿ, ಅಲ್ಲಿಂದ ಬುಡಾಪೆಸ್ಟ್‌ಗೆ ಎರಡೂವರೆ ಗಂಟೆಗಿಂತ ತುಸು ಹೆಚ್ಚು. ಮೂರಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಈ ಅನುಕೂಲವನ್ನೇ ಬಂಡವಾಳ ಮಾಡಿಕೊಂಡು ನಮ್ಮ ಕಡೆ ಮಾರಾಟವಾಗುವ ಪ್ಯಾಕೇಜುಗಳು ಒಂದೇ ವಾರದೊಳಗೆ ಮೂರೂ ಊರುಗಳನ್ನು ತುರುಕುತ್ತವೆ. ಫಲವೇನೆಂದರೆ, ಹಿಂತಿರುಗಿ ಬಂದವರಿಗೆ ಯಾವ ಗೋಪುರ ಯಾವ ಊರಿನದೆಂಬ ನೆನಪೇ ಉಳಿದಿರುವುದಿಲ್ಲ. ಮೂರೂ ಊರುಗಳು ಹಲವು ಶತಮಾನಗಳ ಕಾಲ ಹಾಬ್ಸ್‌ಬರ್ಗ್ ಅರಸೊತ್ತಿಗೆಯ ನೆರಳಿನಲ್ಲಿದ್ದು 1918ರಲ್ಲಿ ಅದರಿಂದ ಬಿಡಿಸಿಕೊಂಡವು. ಆದ್ದರಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಕಟ್ಟಡಗಳು ಮೂರು ಕಡೆಯೂ ಅಕ್ಕತಂಗಿಯರಂತೆ ಕಾಣುತ್ತವೆ. ಅವಸರದಲ್ಲಿ ನೋಡುವವರ ಕಣ್ಣಿಗೆ ಬೀಳುವುದು ಈ ಹೋಲಿಕೆಯೇ ಹೊರತು ಒಂದೊಂದರ ಸ್ವಭಾವವಲ್ಲ.

ಈ ಬರಹದ ಸಲಹೆ ನೇರವಾಗಿದೆ. ವಾರ ಹತ್ತು ದಿನದ ಪ್ರವಾಸವಾದರೆ ಒಂದೇ ಊರನ್ನು, ಹೆಚ್ಚೆಂದರೆ ಎರಡನ್ನು ಆರಿಸಿಕೊಳ್ಳಿ. ಆರಿಸುವಾಗ ಚಿತ್ರಗಳನ್ನು ನೋಡಬೇಡಿ, ನಿಮ್ಮ ಅಭ್ಯಾಸಗಳನ್ನು ನೋಡಿಕೊಳ್ಳಿ. ಪ್ರಾಗ್ ತನ್ನನ್ನು ತೋರಿಸುವುದು ಬೀದಿಯಲ್ಲಿ, ಅದೂ ಕೆಲವು ಹೊತ್ತಿನಲ್ಲಿ ಮಾತ್ರ. ವಿಯೆನ್ನಾದ ಸಂಪತ್ತೆಲ್ಲ ಬಾಗಿಲುಗಳ ಒಳಗಿದೆ. ಬುಡಾಪೆಸ್ಟ್ ಅರ್ಥವಾಗಬೇಕಾದರೆ ಒಂದು ದಡದಲ್ಲಿ ನಿಂತು ಇನ್ನೊಂದು ದಡವನ್ನು ನೋಡಬೇಕು. ನಸುಕಿನಲ್ಲಿ ಎದ್ದು ನಡೆಯುವವರು, ಒಂದೇ ಕೋಣೆಯಲ್ಲಿ ಗಂಟೆಗಟ್ಟಲೆ ಕೂರಬಲ್ಲವರು, ಗುರಿಯಿಲ್ಲದೆ ಸುತ್ತುವವರು ಎಂದು ಪ್ರವಾಸಿಗರನ್ನು ವಿಂಗಡಿಸಿದರೆ ಅರ್ಧ ಉತ್ತರ ಸಿಕ್ಕಂತೆಯೇ.

ಎಷ್ಟು ಹಳೆಯದು?

ಮೂರನ್ನೂ ಐತಿಹಾಸಿಕ ನಗರಗಳೆಂದೇ ಕರೆಯುತ್ತೇವೆ, ಆದರೆ ಅಲ್ಲಿ ಕಣ್ಣಿಗೆ ಕಾಣುವ ಹಳಮೆ ಒಂದೇ ಬಗೆಯದಲ್ಲ. ನಿಜವಾದ ಮಧ್ಯಯುಗ ಬೇಕೆನ್ನುವವರಿಗೆ ಪ್ರಾಗ್ ಒಂದೇ ಆಯ್ಕೆ. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿಯೂ ಬಾಂಬುಗಳು ಬಿದ್ದವಾದರೂ ಹಳೆಯ ಪಟ್ಟಣದ ಬಹುಭಾಗ ಉಳಿದುಕೊಂಡಿತು. ಮಧ್ಯಯುಗದ ಗಾಥಿಕ್ ಶೈಲಿಯ ಗೋಡೆಯ ಮೇಲೆ ಅದರ ನಂತರದ ಬರೋಕ್ ಶೈಲಿಯ ಮುಖ, ಅದರ ಪಕ್ಕದಲ್ಲೇ ಇಪ್ಪತ್ತನೆಯ ಶತಮಾನದ ಆರಂಭದ ಅಲಂಕಾರ, ಹೀಗೆ ಒಂದೇ ಬೀದಿಯಲ್ಲಿ ಆರು ನೂರು ವರ್ಷಗಳು ಪದರಪದರವಾಗಿ ಕಾಣಸಿಗುತ್ತವೆ. ವಿಯೆನ್ನಾದ ಈಗಿನ ರೂಪ ಬಹುಮಟ್ಟಿಗೆ ಒಂದು ಆಜ್ಞೆಯಿಂದ ಬಂದದ್ದು. ಚಕ್ರವರ್ತಿ ಫ್ರಾಂಜ್ ಜೋಸೆಫ್ 1857ರಲ್ಲಿ ಕೋಟೆಗೋಡೆಯನ್ನು ಕೆಡವಲು ಆದೇಶಿಸಿದ. ಆ ಜಾಗದಲ್ಲಿ ಹಾಕಿದ ರಿಂಗ್‌ಸ್ಟ್ರಾಸೆ ಎಂಬ ವರ್ತುಲ ಬೀದಿ 1865ರಲ್ಲಿ ತೆರೆಯಿತು. ಅದರ ಇಕ್ಕೆಲಗಳಲ್ಲಿ ಗ್ರೀಕ್ ದೇಗುಲದಂತಿರುವ ಸಂಸತ್ತು, ಗಾಥಿಕ್ ಇಗರ್ಜಿಯನ್ನು ಹೋಲುವ ಪುರಭವನ, ನವೋದಯ ಕಾಲದ ಅರಮನೆಯ ವೇಷ ತೊಟ್ಟ ವಸ್ತುಸಂಗ್ರಹಾಲಯ, ಎಲ್ಲವೂ ಸುಮಾರು ಒಂದೇ ಪೀಳಿಗೆಯಲ್ಲಿ ಎದ್ದವು.

ಬುಡಾಪೆಸ್ಟ್ ಒಂದೇ ನಗರವಾದದ್ದೇ 1873ರಲ್ಲಿ, ಬುಡಾ, ಓಬುಡಾ ಮತ್ತು ಪೆಸ್ಟ್ ಎಂಬ ಮೂರು ಊರುಗಳು ಸೇರಿಕೊಂಡಾಗ. ಪ್ರವಾಸಿಗರು ಮುಗಿಬಿದ್ದು ಫೋಟೋ ತೆಗೆಸಿಕೊಳ್ಳುವ ಮೀನುಗಾರರ ಕೊತ್ತಲವನ್ನು ನೋಡಿ ಮಧ್ಯಯುಗದ ಕೋಟೆಯೆಂದು ಭ್ರಮಿಸುವವರು ಬಹಳ. ಅದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮುಗಿದ ಅಲಂಕಾರದ ಕಟ್ಟಡ. 1944ರ ಡಿಸೆಂಬರ್ ಕೊನೆಯಿಂದ 1945ರ ಫೆಬ್ರವರಿವರೆಗೆ ನಡೆದ ಮುತ್ತಿಗೆಯಲ್ಲಿ ಬುಡಾ ಅರಮನೆ ಸುಟ್ಟುಹೋಯಿತು. ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ನಗರದಲ್ಲಿ ಡ್ಯಾನ್ಯೂಬ್ ನದಿಯ ಸೇತುವೆಗಳನ್ನೆಲ್ಲ ಸಿಡಿಸಿತು. 1849ರಲ್ಲಿ ತೆರೆದಿದ್ದ ಸರಪಳಿ ಸೇತುವೆ ಸರಿಯಾಗಿ ನೂರು ವರ್ಷಗಳ ನಂತರ, 1949ರಲ್ಲಿ, ಮತ್ತೆ ಸಂಚಾರಕ್ಕೆ ಸಿದ್ಧವಾಯಿತು. ಅಪ್ಪಟ ಹಳೆಯ ಕಲ್ಲನ್ನೇ ಮುಟ್ಟಬೇಕೆಂಬ ಹಟವಿರುವವರಿಗೆ ಬುಡಾಪೆಸ್ಟ್ ನಿರಾಸೆ ತರಬಹುದು. ಕೆಡವಿ ಕಟ್ಟಿದ ಊರಿನ ಮೇಲೂ ಪ್ರೀತಿ ಹುಟ್ಟಬಲ್ಲದು ಎನ್ನುವವರು ಮುಂದೆ ಓದಬಹುದು.

ಪ್ರಾಗ್: ಹೊತ್ತು ನೋಡಿ ಹೊರಡಬೇಕಾದ ಊರು

ಪ್ರಾಗ್ ಮೊದಲ ನೋಟಕ್ಕೇ ಸೋಲಿಸುತ್ತದೆ; ಅದರ ತೊಂದರೆಯೂ ಅಲ್ಲಿಯೇ ಇದೆ. ಎಲ್ಲರನ್ನೂ ಸೋಲಿಸುವ ಊರಿನಲ್ಲಿ ಎಲ್ಲರೂ ಇರುತ್ತಾರೆ. ಪ್ರಾಗ್ ಸುತ್ತಲಿನ ಹಳೆಯ ರಾಜ್ಯವಾದ ಬೊಹೀಮಿಯದ ಅರಸ ನಾಲ್ಕನೆಯ ಚಾರ್ಲ್ಸ್ 1357ರಲ್ಲಿ ಕಟ್ಟಿಸಲು ತೊಡಗಿದ ಸೇತುವೆಗೆ ಹದಿನಾರು ಕಮಾನುಗಳಿವೆ, ಉದ್ದ ಐದು ನೂರು ಮೀಟರಿಗಿಂತ ತುಸು ಹೆಚ್ಚು. ಬೆಳಗಿನ ಹತ್ತರಿಂದ ರಾತ್ರಿಯವರೆಗೆ ಅದರ ಮೇಲೆ ನಡೆಯುವುದೆಂದರೆ ಜನರ ಬೆನ್ನುಗಳನ್ನು ನೋಡುತ್ತ ಸಾಗುವುದು ಎಂದೇ ಅರ್ಥ. ಅದೇ ಸೇತುವೆಗೆ ಬೆಳಗಿನ ಆರು ಗಂಟೆಗೆ ಬಂದರೆ ವ್ಲ್ತಾವಾ ನದಿಯ ತಡೆಗಟ್ಟೆಯ ಮೇಲೆ ನೀರು ಜಾರುವ ಸದ್ದು ಕೇಳಿಸುತ್ತದೆ, ಎರಡೂ ಬದಿಯ ಮೂವತ್ತು ವಿಗ್ರಹಗಳ ಮುಖಗಳನ್ನು ಒಂದೊಂದಾಗಿ ಓದಬಹುದು. 1393ರಲ್ಲಿ ಅರಸನ ಅಪ್ಪಣೆಯಂತೆ ನದಿಗೆ ಎಸೆಯಲ್ಪಟ್ಟ ನೆಪೊಮುಕ್‌ನ ಜಾನ್ ಎಂಬ ಪಾದ್ರಿಯ ವಿಗ್ರಹ 1683ರದು. ಅದರ ಪೀಠದಲ್ಲಿರುವ ಲೋಹದ ಫಲಕಗಳು ಕಪ್ಪಾಗಿದ್ದರೂ, ಮುಟ್ಟಿದರೆ ಒಳಿತಾಗುತ್ತದೆಂದು ಜನ ಕೈಯಾಡಿಸಿದ ಜಾಗ ಮಾತ್ರ ಚಿನ್ನದಂತೆ ತಿಕ್ಕಿ ಹೊಳೆಯುತ್ತದೆ.

ಹಳೆಯ ಪುರಭವನದ ಖಗೋಳ ಗಡಿಯಾರವನ್ನು ಸರಿಯಾಗಿ ನೋಡಿದವರು ಕಡಿಮೆ. ಗಂಟೆ ಬಾರಿಸುವ ಹೊತ್ತಿಗೆ ನೂರಾರು ಮಂದಿ ಫೋನ್ ಎತ್ತಿಕೊಂಡು ನಿಲ್ಲುತ್ತಾರೆ, ಅಸ್ಥಿಪಂಜರವೊಂದು ಹಗ್ಗ ಎಳೆಯುತ್ತದೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರಾದ ಅಪೊಸ್ತಲರು ಹಾದುಹೋಗುತ್ತಾರೆ, ಕ್ಷಣಮಾತ್ರದಲ್ಲಿ ಎಲ್ಲ ಮುಗಿದು ಜನ ಇಷ್ಟೇನಾ ಎಂದುಕೊಂಡು ಚದುರುತ್ತಾರೆ. ಆ ಬೊಂಬೆಯಾಟ ನಂತರ ಸೇರಿಸಿದ್ದು. 1410ರಷ್ಟು ಹಿಂದಿನ ಮೂಲ ಯಂತ್ರದ ಜಾಣ್ಮೆ ಕೆಳಗಿನ ಮುಖಫಲಕದಲ್ಲಿದೆ, ಮತ್ತು ಅದನ್ನು ಓದಲು ನಮ್ಮವರಿಗೆ ಒಂದು ಅನುಕೂಲವೂ ಇದೆ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಯಾವ ರಾಶಿಯಲ್ಲಿದ್ದಾನೆ, ಚಂದ್ರನ ಕಲೆ ಎಷ್ಟು ಎಂಬುದನ್ನೆಲ್ಲ ಅದು ಗೋಡೆಗೆ ತೂಗುಹಾಕಿದ ಪಂಚಾಂಗದಂತೆ ಏಕಕಾಲಕ್ಕೆ ತೋರಿಸುತ್ತದೆ. ಹೊರಗಿನ ಕಪ್ಪು ಬಳೆಯ ಮೇಲಿನ ಬಂಗಾರದ ಅಂಕಿಗಳು ಹಳೆಯ ಬೊಹೀಮಿಯದ ಕಾಲಗಣನೆಯವು. ಅಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಗಳನ್ನು ಸೂರ್ಯಾಸ್ತದಿಂದ ಎಣಿಸುತ್ತಿದ್ದರು. ಸೂರ್ಯಾಸ್ತದ ಹೊತ್ತು ದಿನದಿನಕ್ಕೂ ಸರಿಯುವುದರಿಂದ ಆ ಬಳೆಯೂ ವರ್ಷವಿಡೀ ನಿಧಾನವಾಗಿ ಹಿಂದೆ ಮುಂದೆ ಚಲಿಸುತ್ತದೆ. ಗಂಟೆ ಬಾರಿಸಿದ ಹತ್ತು ನಿಮಿಷಕ್ಕೆ, ಗುಂಪು ಕರಗಿದ ಮೇಲೆ, ಹೋಗಿ ನಿಂತರೆ ಇದೆಲ್ಲ ಬಿಡುವಾಗಿ ಕಾಣಸಿಗುತ್ತದೆ.

ಆದ್ದರಿಂದ ಪ್ರಾಗ್ ಆರಿಸಿಕೊಳ್ಳುವವರು ನಸುಕಿನಲ್ಲಿ ಮತ್ತು ರಾತ್ರಿ ಹಳೆಯ ಪಟ್ಟಣದಲ್ಲಿರಬೇಕು, ನಡುಹಗಲು ಅಲ್ಲಿಂದ ಹೊರಗಿರಬೇಕು. ಹಗಲಿಗೆ ವೈಶೆಹ್ರಾದ್ ಗುಡ್ಡವಿದೆ. ಸಂಗೀತಗಾರರಾದ ಸ್ಮೆತಾನಾ ಮತ್ತು ದ್ವೋರ್ಝಾಕ್ ಅಲ್ಲಿನ ಸ್ಮಶಾನದಲ್ಲಿದ್ದಾರೆ. ವಿನೊಹ್ರಾದಿಯಂಥ ವಾಸದ ಬಡಾವಣೆಗಳಿವೆ. ದೆಯ್ವಿತ್ಸೆ ಬಡಾವಣೆಯಲ್ಲಿ ರವೀಂದ್ರನಾಥ ಠಾಕೂರರ ಹೆಸರಿನ ಬೀದಿಯೊಂದಿದೆ. ಅವರು 1921ರಲ್ಲಿಯೂ 1926ರಲ್ಲಿಯೂ ಈ ಊರಿಗೆ ಬಂದಿದ್ದರು. ಹತ್ತು ಗಂಟೆಗೆ ಹಾಸಿಗೆ ಬಿಡುವ ಕುಟುಂಬದವರಿಗೆ ನಾನು ಪ್ರಾಗ್ ಸೂಚಿಸುವುದಿಲ್ಲ. ಅವರಿಗೆ ಸಿಗುವುದು ಚಿಮಣಿ ಆಕಾರದ ಸಿಹಿರೊಟ್ಟಿ ಮತ್ತು ನೂಕುನುಗ್ಗಲು, ಅಷ್ಟೆ. ಆ ಸಿಹಿರೊಟ್ಟಿಯನ್ನು ಪ್ರಾಗ್‌ನ ಪುರಾತನ ತಿನಿಸೆಂದು ಮಾರುತ್ತಾರಾದರೂ, ಅದು ಅಲ್ಲಿನ ಬೀದಿಗಳನ್ನು ತುಂಬಿಕೊಂಡದ್ದು ಈಚಿನ ಪ್ರವಾಸೋದ್ಯಮದ ಕಾಲದಲ್ಲಿ.

ವಿಯೆನ್ನಾ: ಒಳಗೆ ಹೋದವರಿಗೆ

ವಿಯೆನ್ನಾದ ಬೀದಿಗಳಲ್ಲಿ ನಡೆದು ಅದನ್ನು ಪ್ರೀತಿಸಲು ಹೊರಟವರು ಬಹುಪಾಲು ಬೇಸತ್ತು ಬರುತ್ತಾರೆ. ಬೀದಿಗಳು ಅಗಲ, ಚೊಕ್ಕಟ, ತುಸು ಗಡಸು. ಡ್ಯಾನ್ಯೂಬ್ ನೋಡೋಣವೆಂದು ಹಳೆಯ ಪಟ್ಟಣದ ಅಂಚಿಗೆ ಹೋದರೆ ಸಿಗುವುದು ಕಾಲುವೆ ಮಾತ್ರ. 1870ರ ದಶಕದಲ್ಲಿ ತಿದ್ದಿ ನೇರಗೊಳಿಸಿದ ನದಿಯ ಮುಖ್ಯ ಪಾತ್ರ ಅಲ್ಲಿಂದ ದೂರದಲ್ಲಿ ಹರಿಯುತ್ತದೆ. ನದಿಯ ದಡದ ಊರು ಬೇಕೆನ್ನುವವರು ಈ ಒಂದು ಕಾರಣಕ್ಕೇ ಬೇರೆಡೆ ಹೋಗುವುದು ಲೇಸು.

ಆದರೆ ಬಾಗಿಲು ದಾಟಿದ ಮೇಲೆ ಮೂರು ಊರುಗಳಲ್ಲಿ ವಿಯೆನ್ನಾಕ್ಕೆ ಸಮನಾದದ್ದಿಲ್ಲ. 1891ರಲ್ಲಿ ತೆರೆದ ಕಲಾ ಇತಿಹಾಸ ಸಂಗ್ರಹಾಲಯದಲ್ಲಿ ಹಿರಿಯ ಪೀಟರ್ ಬ್ರೂಗೆಲ್‌ನ ಚಿತ್ರಗಳಿಗೇ ಒಂದು ಕೋಣೆಯಿದೆ. ಆತನ ಇಷ್ಟೊಂದು ವರ್ಣಚಿತ್ರಗಳು ಜಗತ್ತಿನ ಬೇರಾವ ಸಂಗ್ರಹದಲ್ಲೂ ಒಟ್ಟಿಗೆ ಇಲ್ಲ. ಅವುಗಳಲ್ಲಿ ಹಿಮದಲ್ಲಿ ಬೇಟೆಗಾರರು ಊರಿಗೆ ಮರಳುವ 1565ರ ಚಿತ್ರವೊಂದರ ಮುಂದೆಯೇ ಅರ್ಧ ಗಂಟೆ ಕಳೆಯಬಹುದು. ಬೇಟೆಗಾರರ ಬೆನ್ನ ಮೇಲೆ ತೂಗುತ್ತಿರುವುದು ಒಂದು ಬಡಕಲು ನರಿ ಮಾತ್ರ. ನಾಯಿಗಳು ತಲೆ ತಗ್ಗಿಸಿವೆ. ಎಡಗಡೆ ಛತ್ರದ ಮುಂದೆ ಬೆಂಕಿ ಹೊತ್ತಿಸಿಕೊಂಡು ತಮ್ಮ ಕೆಲಸದಲ್ಲಿ ಮುಳುಗಿರುವವರು ಇವರತ್ತ ತಿರುಗಿಯೂ ನೋಡಿಲ್ಲ. ಕೆಳಗೆ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಉಗುರಿನಷ್ಟು ಗಾತ್ರದ ಜನ ಜಾರುತ್ತ ಆಡುತ್ತಿದ್ದಾರೆ. ಇಂಥ ಒಂದು ಚಿತ್ರಕ್ಕೆ ಹೊತ್ತು ಕೊಡುವ ಮನಸ್ಸಿದ್ದವರಿಗೆ ವಿಯೆನ್ನಾ ತೆರೆದುಕೊಳ್ಳುತ್ತದೆ. ಒಂದು ದಿನಕ್ಕೆ ನಾಲ್ಕು ಸಂಗ್ರಹಾಲಯ ಮುಗಿಸುವವರ ಪಾಲಿಗೆ ಅದು ಕಾಲುನೋವು ಮಾತ್ರ.

ಸಂಗೀತದ ವಿಷಯದಲ್ಲಿಯೂ ಹೀಗೆಯೇ. ಬೀದಿಯಲ್ಲಿ ಮೊಜಾರ್ಟ್‌ನ ವೇಷ ತೊಟ್ಟವರು ಮಾರುವ ಟಿಕೆಟ್‌ಗಳನ್ನು ಬಿಟ್ಟು, 1869ರಲ್ಲಿ ತೆರೆದ ರಾಜ್ಯ ಒಪೆರಾದ ನಿಂತು ನೋಡುವ ಜಾಗಕ್ಕೆ ಹೋಗಬೇಕು. ಆ ಟಿಕೆಟ್ ಪ್ರದರ್ಶನದ ದಿನವೇ ಸಿಗುತ್ತದೆ, ಒಳ್ಳೆಯ ಆಸನದ ಬೆಲೆಯ ಸಣ್ಣ ಪಾಲಿನಲ್ಲಿ. ಒಳಗೆ ಹೋದವರು ತಮ್ಮ ಮುಂದಿನ ಕಂಬಿಗೆ ಶಾಲು ಕಟ್ಟಿ ಜಾಗ ಹಿಡಿದು ಹೊರಗೆ ಅಡ್ಡಾಡಿ ಬರುತ್ತಾರೆ. ಕಟ್ಟಿದ ಶಾಲನ್ನು ಯಾರೂ ಬಿಚ್ಚುವುದಿಲ್ಲ. ಜುಲೈ ಆಗಸ್ಟ್‌ನಲ್ಲಿ ಒಪೆರಾಕ್ಕೆ ರಜೆ ಎಂಬುದನ್ನು ಮಾತ್ರ ಮರೆಯಬಾರದು. ಕಾಫಿ ಮನೆಗಳಲ್ಲಿ ಪುಟ್ಟ ಲೋಹದ ತಟ್ಟೆಯಲ್ಲಿ ಕಾಫಿಯ ಜೊತೆ ಒಂದು ಲೋಟ ನೀರೂ ಬರುತ್ತದೆ, ಮತ್ತು ಒಂದೇ ಕಪ್ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಕುಳಿತರೂ ಏಳಿಸುವುದಿಲ್ಲ. ಆ ನೀರು 1873ರಿಂದ ಆಲ್ಪ್ಸ್ ಬುಗ್ಗೆಗಳಿಂದ ಕೊಳವೆಯಲ್ಲಿ ಊರಿಗೆ ಹರಿದುಬರುವ ನೀರು; ಬಾಟಲಿ ಕೊಳ್ಳುವ ಅಗತ್ಯವೇ ಇಲ್ಲ.

ಬುಡಾಪೆಸ್ಟ್: ದಡದಿಂದ ದಡಕ್ಕೆ

ಮೂರರಲ್ಲಿ ಒಂದನ್ನೇ ಆರಿಸಿ ಎಂದರೆ ನನ್ನ ಆಯ್ಕೆ ಬುಡಾಪೆಸ್ಟ್. ಪ್ರಾಗ್‌ನಷ್ಟು ಚೆಲುವು ಅದಕ್ಕಿಲ್ಲ, ವಿಯೆನ್ನಾದ ಸಂಪತ್ತೂ ಇಲ್ಲ. ಅಲ್ಲಿರುವುದು ಅಗಲವಾದ ನದಿ ಮತ್ತು ಅದರ ಎರಡು ದಡಗಳ ನಡುವಿನ ನಿರಂತರ ಮಾತುಕತೆ. ಒಂದು ಕಡೆ ಬುಡಾದ ಗುಡ್ಡ, ಇನ್ನೊಂದು ಕಡೆ ಪೆಸ್ಟ್‌ನ ಬಯಲು. ಪೆಸ್ಟ್ ದಡದುದ್ದಕ್ಕೂ ಓಡುವ 2ನೇ ನಂಬರಿನ ಟ್ರ್ಯಾಮ್‌ನಲ್ಲಿ ಕುಳಿತರೆ ಸಾಮಾನ್ಯ ಟಿಕೆಟ್‌ನಲ್ಲಿಯೇ ಊರಿನ ಅತ್ಯುತ್ತಮ ನೋಟ ದಕ್ಕುತ್ತದೆ. ಕತ್ತಲಾದ ಮೇಲೆ ಬುಡಾ ಕಡೆಯಿಂದ ಸಂಸತ್ ಭವನವನ್ನು ನೋಡಬೇಕು. ಅದರ ಗುಮ್ಮಟದ ಎತ್ತರ 96 ಮೀಟರ್. ಸೇಂಟ್ ಸ್ಟೀಫನ್ ಬೆಸಿಲಿಕಾ ಎಂಬ ಇಗರ್ಜಿಯ ಎತ್ತರವೂ ಅಷ್ಟೇ. ಹಂಗೇರಿಯನ್ನರು ಈ ನಾಡಿಗೆ ಬಂದು ನೆಲೆಸಿದ ವರ್ಷವೆಂದು ಗಣಿಸುವ 896ರ ಸ್ಮರಣೆ ಆ ಅಂಕಿಯಲ್ಲಿದೆ. ಸಹಸ್ರಮಾನೋತ್ಸವದ 1896ರಲ್ಲಿಯೇ ಯುರೋಪ್ ಖಂಡದ ಮೊದಲ ಭೂಗತ ಮೆಟ್ರೋ ಇಲ್ಲಿ ಓಡಲಾರಂಭಿಸಿತು. ಆಂದ್ರಾಶಿ ಬೀದಿಯಿಂದ ಕೆಲವೇ ಮೆಟ್ಟಿಲಿಳಿದರೆ ಬಿಳಿ ಹೆಂಚಿನ ಗೋಡೆಯ ಪುಟ್ಟ ನಿಲ್ದಾಣ, ಹಳದಿ ಬಣ್ಣದ ಗಿಡ್ಡ ಬೋಗಿಗಳು. ಇವತ್ತಿಗೂ ಜನ ಅದರಲ್ಲೇ ಕೆಲಸಕ್ಕೆ ಹೋಗುತ್ತಾರೆ.

ಊರಿನಲ್ಲಿ ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳಿವೆ. 1913ರ ಸೆಚೇನಿ ಸ್ನಾನಗೃಹದ ಹೊರಗಿನ ಹಳದಿ ಅಂಗಳದಲ್ಲಿ, ಚಳಿಗಾಲದ ಹಬೆಯ ನಡುವೆ, ಎದೆಮಟ್ಟ ನೀರಿನಲ್ಲಿ ನಿಂತು ಚದುರಂಗ ಆಡುವ ಹಿರಿಯರನ್ನು ಕಾಣಬಹುದು. ಹದಿನಾರನೆಯ ಶತಮಾನದಲ್ಲಿ ಆಟೊಮನ್ ತುರ್ಕರು ಕಟ್ಟಿಸಿದ ರುದಾಶ್ ಇನ್ನೂ ಗಾಢವಾದ ಅನುಭವ: ಎಂಟು ಕಂಬಗಳ ಮೇಲಿನ ಗುಮ್ಮಟ, ಅದರ ಸಣ್ಣ ಸಣ್ಣ ರಂಧ್ರಗಳಿಂದ ಕೆಳಗಿನ ಎಂಟು ಮೂಲೆಯ ಕೊಳದ ಹಬೆಯೊಳಕ್ಕೆ ಇಳಿಯುವ ಬೆಳಕಿನ ಕೋಲುಗಳು. ಅಲ್ಲಿ ಕೆಲವು ದಿನ ಗಂಡಸರಿಗೆ ಅಥವಾ ಹೆಂಗಸರಿಗೆ ಮಾತ್ರ ಪ್ರವೇಶವಿರುವ ರೂಢಿಯಿದ್ದು, ಹೋಗುವ ಮುನ್ನ ವಾರದ ಪಟ್ಟಿ ನೋಡಿಕೊಳ್ಳಬೇಕು. ಅಪರಿಚಿತರ ಮುಂದೆ ಈಜುಡುಗೆಯಲ್ಲಿರಲು ಸಂಕೋಚಪಡುವವರಿಗೆ ಬುಡಾಪೆಸ್ಟ್‌ನ ಅರ್ಧ ಸುಖ ತಪ್ಪಿಹೋಗುತ್ತದೆ ಎಂಬುದನ್ನು ಮುಚ್ಚಿಡುವಂತಿಲ್ಲ. ಅಂದಹಾಗೆ, ನಮ್ಮ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1913ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ, ತಾಯಿ ಹಂಗೇರಿಯವರು.

ಮೂರು ಸ್ಮಾರಕಗಳು

ಪಟ್ಟಿಗಳಲ್ಲಿ ಕಡೆಯಲ್ಲಿ ಬರುವ ಒಂದು ಹೋಲಿಕೆ ನನ್ನ ಮಟ್ಟಿಗೆ ಆಯ್ಕೆಯ ಒಳ್ಳೆಯ ಒರೆಗಲ್ಲು. ಮೂರೂ ಊರುಗಳು ತಮ್ಮ ಯಹೂದಿ ಜನರಲ್ಲಿ ದೊಡ್ಡ ಪಾಲನ್ನು ನಾತ್ಸಿಗಳ ಕಾಲದಲ್ಲಿ ಕಳೆದುಕೊಂಡವು. ಅದನ್ನು ನೆನೆಯುವ ರೀತಿಯಲ್ಲಿ ಒಂದೊಂದರ ಗುಣವೂ ಇದೆ.

ಪ್ರಾಗ್‌ನ ಪಿಂಕಾಸ್ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾಮಂದಿರದಲ್ಲಿ, ಇಂದಿನ ಚೆಕ್ ನಾಡಿನ ಭಾಗಗಳಾದ ಬೊಹೀಮಿಯ ಮತ್ತು ಮೊರಾವಿಯಗಳ ಸುಮಾರು 78 ಸಾವಿರ ಮಂದಿಯ ಹೆಸರುಗಳನ್ನು ಗೋಡೆಗಳ ಮೇಲೆ ಕೈಯಿಂದ ಬರೆದಿದ್ದಾರೆ. ದೂರದಿಂದ ಬೂದುಬಣ್ಣದ ನೇಯ್ಗೆಯಂತೆ ಕಾಣುವ ಗೋಡೆ, ಹತ್ತಿರ ಹೋದಂತೆ ಕುಟುಂಬ ಕುಟುಂಬವಾಗಿ ಬಿಡಿಸಿಕೊಳ್ಳುತ್ತದೆ. 1950ರ ದಶಕದಲ್ಲಿ ಬರೆದ ಆ ಹೆಸರುಗಳು ಕಮ್ಯುನಿಸ್ಟ್ ಆಡಳಿತದಲ್ಲಿ ಸಿನಗಾಗ್ ಮುಚ್ಚಿದ್ದ ವರ್ಷಗಳಲ್ಲಿ ಹಾಳಾದವು. 1990ರ ದಶಕದಲ್ಲಿ ಮತ್ತೆ ಬರೆಯಬೇಕಾಯಿತು. ವಿಯೆನ್ನಾದ ಯೂದೆನ್‌ಪ್ಲಾಟ್ಸ್ ಚೌಕದಲ್ಲಿ ಬ್ರಿಟಿಷ್ ಶಿಲ್ಪಿ ರೇಚಲ್ ವೈಟ್‌ರೀಡ್ 2000ದಲ್ಲಿ ನಿಲ್ಲಿಸಿದ ಕಾಂಕ್ರೀಟ್ ಗ್ರಂಥಾಲಯವಿದೆ. ಪುಸ್ತಕಗಳ ಬೆನ್ನು ಒಳಕ್ಕೆ ತಿರುಗಿರುವುದರಿಂದ ಯಾವ ಪುಸ್ತಕವೆಂದು ತಿಳಿಯುವಂತಿಲ್ಲ, ಬಾಗಿಲುಗಳಿಗೆ ಹಿಡಿಯಿಲ್ಲ. ಬಾಗಿಲುಗಳ ಊರಿನಲ್ಲಿ ತೆರೆಯಲಾಗದ ಬಾಗಿಲೊಂದು ಅಲ್ಲಿದೆ. ಬುಡಾಪೆಸ್ಟ್‌ನಲ್ಲಿ ಸಂಸತ್ ಭವನದ ದಕ್ಷಿಣಕ್ಕೆ, ನದಿಯ ಕಲ್ಲಿನ ಅಂಚಿನಲ್ಲಿಯೇ, ಅರವತ್ತು ಜೊತೆ ಕಬ್ಬಿಣದ ಬೂಟುಗಳಿವೆ. ಗಂಡಸರವು, ಹೆಂಗಸರವು, ಮಕ್ಕಳವು. 1944-45ರ ಚಳಿಗಾಲದಲ್ಲಿ ಆರೋ ಕ್ರಾಸ್ ಎಂಬ ಹಂಗೇರಿಯದೇ ಸಶಸ್ತ್ರ ಪಡೆಯವರು ಜನರನ್ನು ದಡಕ್ಕೆ ತಂದು, ಬೆಲೆಬಾಳುವ ಬೂಟುಗಳನ್ನು ಬಿಚ್ಚಿಸಿ, ಗುಂಡಿಟ್ಟು ನೀರಿಗೆ ಕೆಡವಿದರು. 2005ರಲ್ಲಿ ಇಟ್ಟ ಈ ಸ್ಮಾರಕಕ್ಕೆ ಟಿಕೆಟ್ ಇಲ್ಲ, ಬೇಲಿಯಿಲ್ಲ. ಆಚೆ ದಡದ ಸುಂದರ ನೋಟವನ್ನು ನೋಡುತ್ತ ನಡೆಯುವವರ ಕಾಲ ಬುಡಕ್ಕೇ ಅದು ಬರುತ್ತದೆ. ಊರಿನ ಅಂದವನ್ನೂ ಗಾಯವನ್ನೂ ಬೇರ್ಪಡಿಸಿ ತೋರಿಸದ ಈ ಗುಣವೇ ನಾನು ಬುಡಾಪೆಸ್ಟ್ ಕಡೆಗೆ ವಾಲಲು ಕಾರಣ.

ಹೊಟ್ಟೆ, ಮಂಡಿ, ಕಿಸೆ

ಸಸ್ಯಾಹಾರಿಗಳಿಗೆ ವಿಯೆನ್ನಾ ಸಲೀಸು. ಪ್ರಾಗ್‌ನ ಸಾಂಪ್ರದಾಯಿಕ ಹೋಟೆಲುಗಳಲ್ಲಿ ಕರಿದ ಚೀಸ್ ಬಿಟ್ಟರೆ ಹೆಚ್ಚು ಸಿಗದು, ಅದರ ಜೊತೆಗಿನ ಬಿಳಿ ಸಾಸ್‌ನಲ್ಲಿ ಮೊಟ್ಟೆಯಿರುತ್ತದೆ. ಹಂಗೇರಿಯಲ್ಲಿ ಫೋಜೆಲೇಕ್ ಎಂಬ ಗಟ್ಟಿ ತರಕಾರಿ ಪದಾರ್ಥ ಮನೆಯೂಟದಷ್ಟು ಹಿತ, ಆದರೆ ಅಲ್ಲಿನ ಅಡುಗೆಯಲ್ಲಿ ಹಂದಿಕೊಬ್ಬಿನ ಬಳಕೆ ಇರುವುದರಿಂದ ಕೇಳಿಯೇ ತಿನ್ನಬೇಕು. ಮೂರೂ ಊರುಗಳಲ್ಲಿ ಭಾರತೀಯ ಹೋಟೆಲುಗಳಿವೆ.

ಮಂಡಿನೋವಿರುವ ತಂದೆತಾಯಿಯ ಜೊತೆ ಹೋಗುವವರು ಬೇರೆ ಯೋಚನೆಯನ್ನೇ ಮಾಡದೆ ವಿಯೆನ್ನಾ ಆರಿಸಬೇಕು. ನೆಲ ಸಮತಟ್ಟು, ಟ್ರ್ಯಾಮ್‌ಗಳು ಬಹುಪಾಲು ಮೆಟ್ಟಿಲು ಹತ್ತಬೇಕಿಲ್ಲದ ತಗ್ಗು ನೆಲದವು. ಪ್ರಾಗ್‌ನ ಗುಂಡುಕಲ್ಲಿನ ಬೀದಿಗಳು ಚಕ್ರದ ಪೆಟ್ಟಿಗೆಗೂ ಕಾಲಿಗೂ ಸಮಾನ ವೈರಿ, ಆದರೂ 22ನೇ ಟ್ರ್ಯಾಮ್ ಹಿಡಿದರೆ ಕೋಟೆಯ ಏರು ತಪ್ಪುತ್ತದೆ. ಮಕ್ಕಳಿದ್ದರೆ ಬುಡಾಪೆಸ್ಟ್: ಬುಡಾ ಬೆಟ್ಟಗಳಲ್ಲಿ ಹನ್ನೊಂದು ಕಿಲೋಮೀಟರ್ ಓಡುವ ಮಕ್ಕಳ ರೈಲಿನಲ್ಲಿ ಟಿಕೆಟ್ ಕೊಡುವುದು, ಸಂಜ್ಞೆ ತೋರಿಸುವುದು ಎಲ್ಲ ಶಾಲಾಮಕ್ಕಳೇ, ಎಂಜಿನ್ ಓಡಿಸುವುದು ಮಾತ್ರ ದೊಡ್ಡವರು.

ಖರ್ಚಿನಲ್ಲಿ ವಿಯೆನ್ನಾ ಮುಂದು. ಅಲ್ಲಿ ಯೂರೋ, ಪ್ರಾಗ್‌ನಲ್ಲಿ ಕೊರುನಾ, ಬುಡಾಪೆಸ್ಟ್‌ನಲ್ಲಿ ಫೊರಿಂಟ್. ಎಟಿಎಂ ಯಂತ್ರ ರೂಪಾಯಿಗೆ ಪರಿವರ್ತಿಸಿ ಕೊಡಲೇ ಎಂದು ಕೇಳಿದರೆ ಬೇಡವೆಂದು ಒತ್ತಿ, ಸ್ಥಳೀಯ ಹಣದಲ್ಲಿಯೇ ಪಡೆಯಿರಿ. ವಿಯೆನ್ನಾದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಪ್ರಾಗ್ ಮತ್ತು ಬುಡಾಪೆಸ್ಟ್‌ನಲ್ಲಿ ಕಾಗದದ ಟಿಕೆಟ್ ಕೊಂಡರೆ ಸಾಲದು, ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳದಿದ್ದರೆ ದಂಡ ಕಟ್ಟಬೇಕಾಗುತ್ತದೆ.

ಎರಡು ಊರಾದರೆ

ವೀಸಾ ಅರ್ಜಿಯನ್ನು ಹೆಚ್ಚು ದಿನ ತಂಗುವ ದೇಶಕ್ಕೆ ಸಲ್ಲಿಸಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಆರು ತಿಂಗಳ ಮುಂಚಿನಿಂದಲೇ ಅರ್ಜಿಗೆ ಅವಕಾಶವಿದ್ದು, ಬೇಸಿಗೆ ರಜೆಗೆ ಹೊರಡುವವರು ಊರನ್ನು ಬೇಗ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಪ್ರಾಗ್ ಆರಿಸಿದರೆ ಅದೊಂದನ್ನೇ ಇಟ್ಟುಕೊಂಡು, ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಕುಟ್ನಾ ಹೋರಾ ಎಂಬ ಹಳೆಯ ಪಟ್ಟಣಕ್ಕೆ ಒಂದು ಹಗಲು ಹೋಗಿಬರಬಹುದು. ಎರಡು ಊರು ಬೇಕೇಬೇಕೆಂದರೆ ವಿಯೆನ್ನಾ ಮತ್ತು ಬುಡಾಪೆಸ್ಟ್, ಅದೇ ಕ್ರಮದಲ್ಲಿ. ಒಳಾಂಗಣಗಳ ದಿನಗಳು ಮುಗಿದ ಮೇಲೆ ನದಿಯ ಬಯಲು ಮತ್ತು ಬಿಸಿನೀರು ಹಿತವೆನಿಸುತ್ತವೆ, ತಿರುವುಮುರುವಾದರೆ ವಿಯೆನ್ನಾ ಸಪ್ಪೆಯಾಗುವ ಅಪಾಯವಿದೆ. ದುಬೈ ಅಥವಾ ಫ್ರಾಂಕ್‌ಫರ್ಟ್ ಮೂಲಕ ವಿಯೆನ್ನಾಕ್ಕೆ ಹೋಗಿ ಬುಡಾಪೆಸ್ಟ್‌ನಿಂದ ಹಿಂತಿರುಗುವಂತೆ ವಿಮಾನದ ಟಿಕೆಟ್ ಕೊಂಡರೆ ಬಂದ ದಾರಿಯಲ್ಲೇ ಮರಳುವ ಒಂದು ದಿನ ಉಳಿಯುತ್ತದೆ. ನಡುವಿನ ರೈಲಿನ ಟಿಕೆಟ್‌ನಲ್ಲಿ ಆಸನ ತಾನಾಗಿ ಸೇರಿರುವುದಿಲ್ಲ; ವಾರಾಂತ್ಯದ ಪ್ರಯಾಣವಾದರೆ ಸಣ್ಣ ಮೊತ್ತ ಕೊಟ್ಟು ಅದನ್ನು ಪ್ರತ್ಯೇಕವಾಗಿ ಕಾಯ್ದಿರಿಸಿಕೊಳ್ಳಿ.